ಸತ್ತ ಕುದುರೆಗೂ ರಾಜ ದುಡ್ಡು ಕೊಟ್ಟದ್ದು ಏಕೆ?

ಪ್ರಶ್ನೆ: ನಾನು ಬಿ.ಎ. ಓದುತ್ತಿದ್ದೇನೆ. ವಿಜಯನಗರದ ರಾಜನೊಬ್ಬ ಹಡಗಿನಲ್ಲಿ ಸತ್ತುಹೋದ ಕುದುರೆಗಳಿಗೂ ಬೆಲೆ ಕೊಡುತ್ತಿದ್ದ ಅಂತ ಓದಿದೆ. ಬಾಲ ತಂದು ತೋರಿಸಿದರೆ ಸಾಕಿತ್ತಂತೆ. ವಾಸ್ಕೋ ಡ ಗಾಮ ನಮ್ಮ ದೇವಸ್ಥಾನವನ್ನು ಚರ್ಚ್ ಅಂದುಕೊಂಡನಂತೆ. ಇಂಥದ್ದನ್ನು ಓದುವಾಗ ಹಿಂದಿನವರು ಏನೂ ಗೊತ್ತಿಲ್ಲದೆ ಕತ್ತಲಲ್ಲಿ ತಡಕಾಡುತ್ತಾ ರಾಜ್ಯ ಆಳಿದರಾ, ವ್ಯಾಪಾರ ಮಾಡಿದರಾ ಅನ್ನಿಸುತ್ತದೆ. ಗೊತ್ತಿಲ್ಲದಿರುವುದು ಅವರ ಬದುಕನ್ನು ಎಷ್ಟರಮಟ್ಟಿಗೆ ನಡೆಸುತ್ತಿತ್ತು? ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಉತ್ತರ: ನಿಮ್ಮ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಆ ಕುದುರೆ ಬಾಲದಿಂದಲೇ ಶುರು ಮಾಡೋಣ. ಉತ್ತರದ ಅರ್ಧ ಅದರಲ್ಲೇ ಇದೆ.

ಈ ಮಾತನ್ನು ಬರೆದವನು ನೂನಿಜ್ ಎಂಬ ಪೋರ್ಚುಗೀಸ್. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ. ಅವನೂ ಕುದುರೆ ವ್ಯಾಪಾರಿಯೇ. ರಾಜ ಸಾಳುವ ನರಸಿಂಹ ಪರ್ಷಿಯಾ ಕೊಲ್ಲಿಯ ಹೊರ್ಮುಜ್ ಮತ್ತು ಅರೇಬಿಯಾದ ಏಡನ್‌ನಿಂದ ಕುದುರೆ ತರಿಸುತ್ತಿದ್ದ, ಮೂರು ಕುದುರೆಗೆ 1000 ವರಹದ ಲೆಕ್ಕದಲ್ಲಿ ಸತ್ತದ್ದನ್ನೂ ಬದುಕಿದ್ದನ್ನೂ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದರೆ ಬದುಕಿದ್ದಕ್ಕೆ ಕೊಡುವಷ್ಟೇ ಕೊಡುತ್ತಿದ್ದ ಎನ್ನುತ್ತಾನೆ. ಸಾಳುವ ನರಸಿಂಹ ತೀರಿಕೊಂಡದ್ದು 1491ರಲ್ಲಿ. ಅಂದರೆ ನೂನಿಜ್ ಹೇಳುತ್ತಿರುವುದು ತನಗಿಂತ ನಲವತ್ತು ವರ್ಷ ಹಿಂದಿನ ಮಾತು. ವ್ಯಾಪಾರಿಗಳ ಬಾಯಲ್ಲಿ ಅದು ಸ್ವಲ್ಪ ದೊಡ್ಡದಾಗಿಯೂ ಇರಬಹುದು. ಆದರೂ ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಯಾಕೆಂದರೆ ಆ ಲೆಕ್ಕದಲ್ಲಿ ಬುದ್ಧಿವಂತಿಕೆ ಇದೆ.

ಒಮ್ಮೆ ಆ ವ್ಯಾಪಾರಿಯ ಜಾಗದಲ್ಲಿ ನಿಂತು ನೋಡಿ. ಹೊರ್ಮುಜ್‌ನಲ್ಲಿ ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿದು ಕುದುರೆ ಕೊಂಡಿದ್ದೀರಿ. ಹಡಗಿನ ಹೊಟ್ಟೆಯೊಳಗೆ ಸೆಕೆ. ನೀರು ಅಳತೆಯದ್ದು. ಗಾಳಿ ಕೈಕೊಟ್ಟರೆ ಕುದುರೆಗಳಿಗೆ ನೀರಿಲ್ಲ. ಎಷ್ಟು ಕುದುರೆ ಭಟ್ಕಳ ಮುಟ್ಟುತ್ತವೆ? ಹತ್ತಕ್ಕೆ ಒಂಬತ್ತಾ, ಐದಾ? ಯಾರಿಗೂ ಗೊತ್ತಿಲ್ಲ. ಒಂದು ಪ್ರಯಾಣ ಕೆಟ್ಟರೆ ನೀವು ಬೀದಿಪಾಲು. ರಾಜನ ಸ್ಥಿತಿ ಬೇರೆ. ಅವನು ವರ್ಷವರ್ಷವೂ ನೂರಾರು, ಸಾವಿರಾರು ಕುದುರೆ ಕೊಳ್ಳುವವನು. ಒಂದು ಹಡಗಿನ ಕುದುರೆ ಸತ್ತರೆ ಇನ್ನೊಂದು ಹಡಗಿನದ್ದು ಬರುತ್ತದೆ. ಅವನಿಗೆ ಅದು ಖರ್ಚು, ನಿಮಗೆ ಅದು ಸರ್ವನಾಶ.

ರಾಜ ಮಾಡಿದ್ದು ಇಷ್ಟೇ. ನಷ್ಟದ ಭಾರವನ್ನು ಹೊರಲಾರದವನ ಹೆಗಲಿನಿಂದ ಹೊರಬಲ್ಲವನ ಹೆಗಲಿಗೆ ದಾಟಿಸಿದ. ಇವತ್ತು ನಾವು ಇದನ್ನು ವಿಮೆ ಅನ್ನುತ್ತೇವೆ. ಜೊತೆಗೆ ಇನ್ನೊಂದು ಲಾಭವೂ ಇತ್ತು. ಬಹಮನಿ ಸುಲ್ತಾನರಿಗೂ ಕುದುರೆ ಬೇಕು. ಅವರ ಬಂದರುಗಳೂ ಇದೇ ಕರಾವಳಿಯಲ್ಲಿ, ಸ್ವಲ್ಪ ಉತ್ತರಕ್ಕೆ. ಹಡಗು ಯಾವ ಬಂದರಿಗೆ ತಿರುಗಬೇಕು ಅಂತ ತೀರ್ಮಾನಿಸುವವನು ವ್ಯಾಪಾರಿ. ಸತ್ತ ಕುದುರೆಗೂ ದುಡ್ಡು ಸಿಗುವ ಕಡೆಗೇ ಅವನು ತಿರುಗುತ್ತಾನೆ, ಅಲ್ವಾ?

ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದೇ. ಹಿಂದಿನವರಿಗೆ ಬುದ್ಧಿ ಕಡಿಮೆ ಇರಲಿಲ್ಲ, ಸುದ್ದಿ ಕಡಿಮೆ ಇತ್ತು. ತಮಗೆ ಏನು ಗೊತ್ತಾಗುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ತಕ್ಕ ಹಾಗೆ ವ್ಯಾಪಾರ, ಪ್ರಯಾಣ, ರಾಜಕೀಯ ಎಲ್ಲವನ್ನೂ ಕಟ್ಟಿಕೊಂಡಿದ್ದರು. ನಮಗೆ ವಿಚಿತ್ರವಾಗಿ ಕಾಣುವ ಎಷ್ಟೋ ಪದ್ಧತಿಗಳು ಹೀಗೆ ಕಟ್ಟಿಕೊಂಡವೇ.

ಪ್ರಯಾಣವನ್ನೇ ತೆಗೆದುಕೊಳ್ಳಿ. ಜೂನ್‌ನಲ್ಲಿ ಮಲ್ಪೆಗೋ ಹೊನ್ನಾವರಕ್ಕೋ ಹೋಗಿ ನೋಡಿ. ಯಾಂತ್ರಿಕ ದೋಣಿಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ಈಗ ಅದು ಸರ್ಕಾರದ ನಿಷೇಧ, ಮೀನಿನ ಸಂತಾನಕ್ಕಾಗಿ. ಆಗ ಅದು ಗಾಳಿಯ ನಿಷೇಧ. ನೈಋತ್ಯದ ಮಳೆಗಾಳಿ ಎದ್ದಿತು ಅಂದರೆ ನಮ್ಮ ಕರಾವಳಿಯ ಬಂದರುಗಳಿಗೆ ಬೀಗ. ಮಳೆಯ ಅಬ್ಬರ ಇಳಿಯುವ ಹೊತ್ತಿಗೆ ಏಡನ್ ಕಡೆಯಿಂದ ಹಡಗು ಬರಬೇಕು. ಚಳಿಗಾಲದಲ್ಲಿ ಗಾಳಿ ತಿರುಗಿದ ಮೇಲೆ ಇಲ್ಲಿಂದ ಹೊರಡಬೇಕು. ಹೀಗಾಗಿ ಒಂದು ಪತ್ರ ಬರೆದು ಅದಕ್ಕೆ ಉತ್ತರ ಪಡೆಯಲು ಹೆಚ್ಚುಕಡಿಮೆ ಒಂದು ವರ್ಷ. ಹೊರಡುವುದು ಕೆಲವು ವಾರ ತಡವಾದರೆ ಇಡೀ ವರ್ಷವೇ ಹೋಯಿತು.

ಗಾಮನ ಕಥೆಯಲ್ಲಿ ಚರ್ಚ್‌ಗಿಂತ ಇದು ನನಗೆ ಮುಖ್ಯ ಅನ್ನಿಸುತ್ತದೆ. 1498ರ ಏಪ್ರಿಲ್ 24ರಂದು ಅವನು ಆಫ್ರಿಕಾದ ಮಾಲಿಂದಿ ಬಿಟ್ಟ. ಅಲ್ಲಿನ ಅರಸ ಕೊಟ್ಟ ದಾರಿಗಾರ ಹಡಗಿನಲ್ಲಿದ್ದ. ಮೇ 20ಕ್ಕೆ ಕಲ್ಲಿಕೋಟೆಯ ಹತ್ತಿರ ಲಂಗರು. ಒಂದು ತಿಂಗಳೂ ಹಿಡಿಯಲಿಲ್ಲ. ವಾಪಸು ಹೋಗುವಾಗ ಗಾಳಿ ತಿರುಗುವವರೆಗೆ ಕಾಯಲಿಲ್ಲ. ನಮ್ಮ ಕಾರವಾರದ ಎದುರಿಗಿರುವ ಅಂಜುದೀವ್ ದ್ವೀಪದಲ್ಲಿ ಹಡಗು ಸರಿಮಾಡಿಕೊಂಡು ಅಕ್ಟೋಬರ್ ಆರಂಭದಲ್ಲೇ ಹೊರಟ. ಅದೇ ಸಮುದ್ರ ದಾಟಲು ಈ ಸಲ ಸುಮಾರು ಮೂರು ತಿಂಗಳು. ದಾರಿಯಲ್ಲಿ 30 ಜನ ಸತ್ತರು. ಒಸಡು ಬಾತು ಹಲ್ಲು ಮುಚ್ಚಿಹೋಗುವ ರೋಗ. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಉಳಿದರು. ಜನ ಸಾಲದೆ ಕೊನೆಗೆ ಒಂದು ಹಡಗನ್ನು ಸುಟ್ಟೇಬಿಟ್ಟರು. ನಮ್ಮ ಕರಾವಳಿಯ ಅಂಬಿಗರಿಗೆ ಸಾಮಾನ್ಯ ಜ್ಞಾನವಾಗಿದ್ದ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದಕ್ಕೆ ತೆತ್ತ ಬೆಲೆ ಅದು.

ಈಗ ವ್ಯಾಪಾರ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ. ಯಾಕೆಂದರೆ ನಮ್ಮ ಮಂಗಳೂರಿನಲ್ಲೇ ಕೂತು ವ್ಯಾಪಾರ ಮಾಡಿದ ಒಬ್ಬನ ಕಾಗದಪತ್ರಗಳು ಉಳಿದಿವೆ. ಅಬ್ರಹಾಂ ಬೆನ್ ಯಿಜು ಅಂತ ಅವನ ಹೆಸರು. ಈಗಿನ ಟುನೀಷಿಯಾದ ಮಹ್ದಿಯಾ ಪಟ್ಟಣದ ಯಹೂದಿ. 1132ರ ಹೊತ್ತಿಗಾಗಲೇ ಮಂಗಳೂರಿನಲ್ಲಿದ್ದ. ಆ ವರ್ಷ ಇಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೇ ಇದೆ. 1149ರಲ್ಲಿ ಏಡನ್‌ಗೆ ಹಿಂತಿರುಗಿದ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಹಿತ್ತಾಳೆ ಕಂಚಿನ ಪಾತ್ರೆ ಮಾಡಿಸುವ ಕಮ್ಮಟವೂ ಇತ್ತು. ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳಿಸುತ್ತಿದ್ದರು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದು ಎಂಬುದು ಯಹೂದಿಗಳ ಪದ್ಧತಿ. ಹಳೆಯ ಕೈರೋದ ಅವರ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಅಂಥ ಕಾಗದಗಳೆಲ್ಲ ಶತಮಾನಗಟ್ಟಲೆ ರಾಶಿ ಬಿದ್ದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವು ಹೊರಬಂದವು. ಅವುಗಳ ನಡುವೆ ಮಂಗಳೂರಿನ ಲೆಕ್ಕವೂ ಇತ್ತು!

ಒಂದು ಪತ್ರದಲ್ಲಿ ಏಡನ್‌ನ ಪಾಲುದಾರ ಮುಳುಗಿದ ಹಡಗಿನ ಸುದ್ದಿ ತಿಳಿಸುತ್ತಾನೆ. ಹಡಗಿನ ಒಡೆಯನ ಹೆಸರು ಫತನ್‌ಸ್ವಾಮಿ. ನಮ್ಮ ಶಾಸನ ಓದಿದವರಿಗೆ ತಕ್ಷಣ ಹೊಳೆಯುತ್ತದೆ, ಇದು ಪಟ್ಟಣಸ್ವಾಮಿ. ಊರಿನ ವರ್ತಕರ ಹಿರಿಯನಿಗಿದ್ದ ಬಿರುದು. ಮೊದಲ ಸಲ ಇದನ್ನು ಕಂಡಾಗ ನನಗೆ ಮೈ ಜುಂ ಅಂದಿತ್ತು. ಸರಕು ಆ ಪಟ್ಟಣಸ್ವಾಮಿಯ ಎರಡು ಹಡಗಿನಲ್ಲಿ ಹೊರಟಿತ್ತು. ಚಿಕ್ಕದು ಏಡನ್ ಮುಟ್ಟಿತು. ದೊಡ್ಡದು ಕೆಂಪು ಸಮುದ್ರದ ಬಾಗಿಲಿನ ಹತ್ತಿರ ಒಡೆದುಹೋಯಿತು. ಮೆಣಸು ಒಂದು ಕಾಳೂ ಸಿಗಲಿಲ್ಲ. ಕಬ್ಬಿಣಕ್ಕಾಗಿ ಏಡನ್‌ನಿಂದ ಮುಳುಗುಗಾರರನ್ನು ಕಳಿಸಿದರು. ಸುಮಾರು ಅರ್ಧ ಮೇಲೆ ಬಂತು.

ಇದೇ ಅವರ ಮೊದಲ ಉಪಾಯ. ಸರಕನ್ನೆಲ್ಲ ಒಂದೇ ಹಡಗಿಗೆ ತುಂಬುವುದಿಲ್ಲ. ಪತ್ರವನ್ನೂ ಅಷ್ಟೇ. ಮುಖ್ಯವಾದದ್ದಾದರೆ ಎರಡು ಮೂರು ಪ್ರತಿ ಬರೆದು ಬೇರೆಬೇರೆ ಹಡಗಿನಲ್ಲಿ ಕಳಿಸುವುದು.

ಎರಡನೆಯದು ನಂಬಿಕೆಗೆ ಸೇರಿದ್ದು. ಏಡನ್‌ನಲ್ಲಿ ಕೂತವನಿಗೆ ಮಂಗಳೂರಿನ ಇವತ್ತಿನ ಮೆಣಸಿನ ದರ ಗೊತ್ತಿಲ್ಲ. ಗೊತ್ತಾಗುವಷ್ಟರಲ್ಲಿ ಆ ದರ ಹಳೆಯದು. ಹಾಗಾಗಿ ‘ಇಷ್ಟಕ್ಕೇ ಕೊಳ್ಳು’ ಅಂತ ಅಪ್ಪಣೆ ಕೊಡಲು ಬರುವುದಿಲ್ಲ. ಎದುರಿಗೆ ಇರುವವನಿಗೆ ಕಾಣುವುದು ದೂರದಲ್ಲಿರುವವನಿಗೆ ಕಾಣದು ಎಂಬ ಮಾತು ಆ ಕಾಲದ ವರ್ತಕರ ಪತ್ರಗಳಲ್ಲಿ ಮತ್ತೆಮತ್ತೆ ಬರುತ್ತದೆ. ನಿನಗೆ ಸರಿ ಕಂಡಂತೆ ಮಾಡು ಅನ್ನಲೇಬೇಕು. ಹಾಗೆ ಅನ್ನಬೇಕಾದರೆ ಆ ಮನುಷ್ಯನ ಮೇಲೆ ಪೂರ್ತಿ ಭರವಸೆ ಬೇಕು. ಆದ್ದರಿಂದಲೇ ಬೀಗರು, ಅಣ್ಣತಮ್ಮಂದಿರು, ಒಂದೇ ಜಾತಿಯವರು, ಒಂದೇ ಊರಿನವರು ಜೊತೆ ಸೇರಿ ವ್ಯಾಪಾರ ಮಾಡುತ್ತಿದ್ದದ್ದು. ಬರೀ ಮಮತೆಯಿಂದಲ್ಲ. ಮೋಸ ಮಾಡಿದರೆ ಮುಖ ತೋರಿಸುವುದು ಎಲ್ಲಿ? ನಮ್ಮ ಐಹೊಳೆಯ ಐನೂರ್ವರಂಥ ವರ್ತಕ ಸಂಘಗಳ ಬಲವೂ ಇದೇ. ಗುರುತೇ ಇಲ್ಲದ ಊರಿನಲ್ಲಿ ಸಂಘದ ಹೆಸರು ಹೇಳಿದರೆ ಸಾಕು, ಇವನು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತಿತ್ತು.

ನಂಬಿಕೆ ಕೈಕೊಟ್ಟದ್ದೂ ಉಂಟು. ಇಲ್ಲಿನ ಒಬ್ಬ ದಲ್ಲಾಳಿ ಏಲಕ್ಕಿಗೆ ಮುಂಗಡ ತೆಗೆದುಕೊಂಡು ಸರಕೇ ಕೊಡಲಿಲ್ಲ. ಬೆನ್ ಯಿಜು ಆ ನಷ್ಟವನ್ನು ಏಡನ್‌ನವರ ಲೆಕ್ಕಕ್ಕೆ ಬರೆದ. ಅವರಿಗೆ ಸಿಟ್ಟು ಬಂತು. ಆದರೆ ಅವರು ಸೂಚಿಸಿದ ಉಪಾಯ ನೋಡಿ: ಏಡನ್‌ನಲ್ಲಿ ನಿನ್ನ ಹೆಸರು ಕೆಡಿಸುತ್ತೇವೆ ಅಂತ ಅವನನ್ನು ಹೆದರಿಸು. ಸಮುದ್ರದ ಆಚೆಗೆ ಯಾವ ಕೋರ್ಟಿನ ಕೈಯೂ ಚಾಚುವುದಿಲ್ಲ, ಕೆಟ್ಟ ಹೆಸರು ಮಾತ್ರ ಹೋಗುತ್ತದೆ. ಹೆಸರು, ಮರ್ಯಾದೆ ಅಂತ ಹಳಬರು ಅಷ್ಟು ಒದ್ದಾಡುತ್ತಿದ್ದದ್ದನ್ನು ನಾವು ಬರೀ ಜಂಬ ಅಂದುಕೊಳ್ಳುತ್ತೇವೆ. ಅವರ ಪಾಲಿಗೆ ಅದು ಬಂಡವಾಳ.

ನಾಣ್ಯದ್ದೂ ಇದೇ ಕಥೆ. ಬಂದರಿನಲ್ಲಿ ಹತ್ತು ದೇಶದ ಚಿನ್ನ ಓಡಾಡುತ್ತದೆ. ಕೈಯಲ್ಲಿರುವುದು ಅಸಲಿಯಾ? ಅದಕ್ಕೇ ಒರೆಗಲ್ಲು ಹಿಡಿದು ಕೂತ ಚಿನಿವಾರ ಬೇಕು. ‘ಒರೆಗೆ ಹಚ್ಚಿ ನೋಡು’ ಅಂತ ನಾವು ಇವತ್ತಿಗೂ ಮನುಷ್ಯರ ಬಗ್ಗೆ ಹೇಳುತ್ತೇವಲ್ಲ, ಆ ಮಾತು ಬಂದದ್ದು ಆ ಕಲ್ಲಿನಿಂದ.

ರಾಜಕೀಯಕ್ಕೆ ಬಂದರೆ ವಿಷಯ ಇನ್ನೂ ಗಂಭೀರ. ವ್ಯಾಪಾರಿಗೆ ಸುದ್ದಿ ಸಿಗದಿದ್ದರೆ ನಷ್ಟ. ರಾಜನಿಗೆ ಸಿಗದಿದ್ದರೆ ತಲೆಯೇ ಹೋಗುತ್ತದೆ.

ಪರ್ಷಿಯಾದ ಅರಸ ಶಾಹರುಖ್‌ನ ದೂತ ಅಬ್ದುರ್ ರಜಾಕ್ 1442ರಲ್ಲಿ ಆ ಅರಸನ ರಾಜಧಾನಿ ಹೆರಾತ್‌ನಿಂದ ಹೊರಟು ಕಲ್ಲಿಕೋಟೆಗೆ ಬಂದ. ಮರುವರ್ಷ ಮಂಗಳೂರಿನ ಮೇಲೆ ವಿಜಯನಗರಕ್ಕೆ ಹೋದ. ಅವನು ಕಲ್ಲಿಕೋಟೆಯಲ್ಲಿದ್ದಾಗ ವಿಜಯನಗರದಲ್ಲಿ ನಡೆದದ್ದನ್ನು ಬರೆದಿಟ್ಟಿದ್ದಾನೆ. ಎರಡನೆಯ ದೇವರಾಯನ ತಮ್ಮ ಹೊಸ ಮನೆ ಕಟ್ಟಿಸಿ ದೊಡ್ಡವರನ್ನೆಲ್ಲ ಊಟಕ್ಕೆ ಕರೆದ. ನಗಾರಿ, ಕಹಳೆಗಳ ಅಬ್ಬರವೋ ಅಬ್ಬರ. ಒಬ್ಬೊಬ್ಬರನ್ನೇ ಒಳಗೆ ಕರೆದು ಕೊಲ್ಲಿಸಿದ. ಆ ಗದ್ದಲದಲ್ಲಿ ಒಳಗಿನ ಕೂಗು ಹೊರಗಿನವರಿಗೆ ಕೇಳಲೇ ಇಲ್ಲ. ಪಕ್ಕದ ಕೋಣೆಯ ಸಾವೂ ಹೊರಗಿದ್ದವರಿಗೆ ಗೊತ್ತಿಲ್ಲ! ಆಮೇಲೆ ತಾನೇ ಅರಮನೆಗೆ ಹೋಗಿ ಅಣ್ಣನನ್ನು ಇರಿದ. ದೇವರಾಯ ಸಿಂಹಾಸನದ ಹಿಂದೆ ಬಿದ್ದ. ಸತ್ತ ಅಂದುಕೊಂಡು ತಮ್ಮ ಹೊರಗೆ ಬಂದು ಇನ್ನು ನಾನೇ ರಾಜ ಅಂದ. ಆದರೆ ದೇವರಾಯ ಸತ್ತಿರಲಿಲ್ಲ. ಎದ್ದು ಹೊರಗೆ ಬಂದು ತಾನು ಬದುಕಿದ್ದೇನೆ ಅಂತ ಜನರಿಗೆ ಕಾಣಿಸಿಕೊಂಡ. ಜನ ತಮ್ಮನ ಮೇಲೆ ಬಿದ್ದರು.

ಇಲ್ಲಿ ಎಲ್ಲವೂ ನಿಂತದ್ದು ರಾಜನ ಮುಖ ಜನರ ಕಣ್ಣಿಗೆ ಬೀಳುವುದರ ಮೇಲೆ. ಪ್ರಕಟಣೆಯಿಲ್ಲ, ಫೋಟೊ ಇಲ್ಲ. ಕಂಡದ್ದೇ ಸಾಕ್ಷಿ. ಮೆರವಣಿಗೆ, ಮಹಾನವಮಿಯ ದರ್ಬಾರು ಇವೆಲ್ಲ ಬರೀ ಆಡಂಬರ ಅಂತ ನಾನು ಒಪ್ಪುವುದಿಲ್ಲ. ರಾಜ ಇದ್ದಾನೆ, ಗಟ್ಟಿಯಾಗಿದ್ದಾನೆ, ನಾಯಕರೆಲ್ಲ ಅವನ ಜೊತೆಗಿದ್ದಾರೆ ಎಂಬ ಸುದ್ದಿಯನ್ನು ಸಾವಿರಾರು ಜನರಿಗೆ ಒಂದೇ ಸಲ ಮುಟ್ಟಿಸುವ ದಾರಿ ಅದು. ಇದರ ಇನ್ನೊಂದು ಮುಖ 1565ರ ಜನವರಿ 23, ತಾಳಿಕೋಟೆ ಕದನದ ದಿನ. ವಿಜಯನಗರದ ಸೈನ್ಯ ನಡೆಸುತ್ತಿದ್ದ ಮುದುಕ ರಾಮರಾಯ ಸೆರೆ ಸಿಕ್ಕ, ತಲೆ ಕಡಿದು ಭರ್ಜಿಗೆ ಸಿಕ್ಕಿಸಿ ಎತ್ತಿ ತೋರಿಸಿದರು. ಅದನ್ನು ಕಂಡ ಸೈನ್ಯ ಚೆಲ್ಲಾಪಿಲ್ಲಿಯಾಯಿತು.

ದೇವರಾಯನ ಮೇಲೆ ಇರಿತವಾದ ಸುದ್ದಿ ಗಡಿ ದಾಟಿತು. ರಾಜ್ಯ ಸಡಿಲವಾಗಿದೆ ಅಂದುಕೊಂಡು ಬಹಮನಿ ಸುಲ್ತಾನ 7 ಲಕ್ಷ ವರಹ ಕೊಡು ಅಂತ ಹೇಳಿ ಕಳಿಸಿದ. ದೇವರಾಯ ಹಣದ ಬದಲು ಸೈನ್ಯ ಕಳಿಸಿದ.

ಆ ದೂತ ಅಬ್ದುರ್ ರಜಾಕನಿಗೆ ಆದದ್ದನ್ನೂ ಹೇಳಲೇಬೇಕು. ಮೊದಮೊದಲು ಅವನಿಗೆ ಭಾರೀ ಉಪಚಾರ. ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ. ಆಮೇಲೆ ಹೊರ್ಮುಜ್‌ನ ಕೆಲವರು, ಇವನನ್ನು ಶಾಹರುಖ್ ಕಳಿಸಿಯೇ ಇಲ್ಲ ಅಂತ ಗುಲ್ಲೆಬ್ಬಿಸಿದರು. ಈಗ ದೇವರಾಯ ಏನು ಮಾಡಬೇಕು? ಹೆರಾತ್‌ಗೆ ಕೇಳಿಸಿ ಉತ್ತರ ತರಿಸಲು ವರ್ಷವೇ ಬೇಕು. ನಿಜವಾದ ದೂತನನ್ನು ಅವಮಾನ ಮಾಡಿದರೆ ದೊಡ್ಡ ಚಕ್ರವರ್ತಿಯ ಸಿಟ್ಟು, ಸುಳ್ಳು ದೂತನನ್ನು ಮೆರೆಸಿದರೆ ನಗೆಪಾಟಲು. ಅವನು ಎರಡೂ ಮಾಡಲಿಲ್ಲ. ಬೀಳ್ಕೊಡುವಾಗ, ನಿನ್ನನ್ನು ಶಾಹರುಖ್ ಕಳಿಸಿಲ್ಲ ಅನ್ನುತ್ತಾರೆ, ಇಲ್ಲದಿದ್ದರೆ ಇನ್ನೂ ಹೆಚ್ಚಿನ ಮರ್ಯಾದೆ ಮಾಡುತ್ತಿದ್ದೆವು ಅಂತ ಬಿಚ್ಚಿ ಹೇಳಿದ. ಜೊತೆಗೆ ತನ್ನ ಇಬ್ಬರು ದೂತರನ್ನೂ ಕಾಣಿಕೆ ಸಹಿತ ಕಳಿಸಿದ. ಅನುಮಾನವನ್ನು ತೀರಿಸಿಕೊಳ್ಳಲು ಆಗದಾಗ ಅದನ್ನು ಮರ್ಯಾದೆಯಿಂದ ನಿಭಾಯಿಸಿದ ರೀತಿ ಇದು. ನನಗಂತೂ ಇದರಲ್ಲಿ ಒಬ್ಬ ಒಳ್ಳೆಯ ಅರಸ ಕಾಣುತ್ತಾನೆ.

ಸರಿಯಾದ ಹೊತ್ತಿಗೆ ಸಿಕ್ಕ ಒಂದೇ ಸುದ್ದಿ ಇತಿಹಾಸವನ್ನೇ ತಿರುಗಿಸಿದ್ದಕ್ಕೂ ನಮ್ಮ ಕರಾವಳಿಯೇ ಸಾಕ್ಷಿ. 1510ರಲ್ಲಿ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಗೋವಾದ ಕಡೆ ಮನಸ್ಸು ಮಾಡಿರಲಿಲ್ಲ, ಅವನ ಹಡಗುಗಳು ಪಶ್ಚಿಮಕ್ಕೆ ಹೊರಟಿದ್ದವು. ಹೊನ್ನಾವರದ ಹಡಗುಪಡೆಯ ನಾಯಕ ತಿಮ್ಮೋಜ ಬಂದು, ಬಿಜಾಪುರದ ಯೂಸುಫ್ ಆದಿಲ್ ಶಾಹ ತೀರಿಕೊಂಡಿದ್ದಾನೆ, ಗೋವಾದಲ್ಲಿ ಕಾವಲು ಕಡಿಮೆ ಅಂದ. ಹಡಗುಗಳು ತಿರುಗಿದವು. ಆ ವರ್ಷದ ನವೆಂಬರ್ 25ರಂದು ಗೋವಾ ಪೋರ್ಚುಗೀಸರ ಕೈಯಲ್ಲಿ ಗಟ್ಟಿಯಾಯಿತು. ಅದರ ಜೊತೆಗೆ ಕುದುರೆ ವ್ಯಾಪಾರದ ಹಿಡಿತವೂ ಅವರ ಕೈಗೆ ಹೋಯಿತು.

ಒಳನಾಡಿನ ರೈತನ ಬಗ್ಗೆ ಒಂದೆರಡು ಮಾತು. ಅವನಿಗೆ ಗೊತ್ತಿಲ್ಲದ್ದು ಒಂದೇ, ಮಳೆ. ಅದಕ್ಕೇ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದ: ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಒಂದು ಕೈಕೊಟ್ಟರೆ ಇನ್ನೊಂದು. ಒಳ್ಳೆಯ ವರ್ಷದ ರಾಗಿಯನ್ನು ಹಗೇವಿನಲ್ಲಿ ಹೂತಿಡುತ್ತಿದ್ದ. ರಾಗಿಗೆ ಹುಳ ಹಿಡಿಯುವುದು ಕಡಿಮೆ, ವರ್ಷಗಟ್ಟಲೆ ಕೆಡುವುದಿಲ್ಲ. ಜಾಸ್ತಿ ಲಾಭದ ಬೆಳೆ ಬಿಟ್ಟು ಇದನ್ನೇಕೆ ಬೆಳೆದ ಅಂತ ಕೇಳುವವರಿದ್ದಾರೆ. ಲಾಭ ಕಡಿಮೆಯಾದರೆ ಬಡವನಾಗುತ್ತಾನೆ. ಮಳೆ ಹೋದ ವರ್ಷ ಮನೆಯಲ್ಲಿ ಕಾಳಿಲ್ಲದಿದ್ದರೆ ಮಕ್ಕಳು ಸಾಯುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಸಂಗತಿ ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಉಪಾಯಗಳೇನೋ ಇದ್ದವು. ಸುದ್ದಿ ಸಿಗದ ಸಂಕಟಕ್ಕೆ ಉಪಾಯ ಇರಲಿಲ್ಲ.

1148ರಲ್ಲಿ ಸಿಸಿಲಿಯ ನಾರ್ಮನ್ನರು ಬೆನ್ ಯಿಜುವಿನ ಹುಟ್ಟೂರು ಮಹ್ದಿಯಾವನ್ನು ಹಿಡಿದರು. ಅವನಿಗೆ ಗಾಳಿಸುದ್ದಿಯಷ್ಟೇ ಸಿಕ್ಕಿತು. 1149ರ ಸೆಪ್ಟೆಂಬರ್ 11ರಂದು ಏಡನ್‌ನಿಂದ ಅಣ್ಣತಮ್ಮಂದಿರಿಗೆ ಬರೆದ ಪತ್ರ ಉಳಿದಿದೆ. ಆ ಕರಾವಳಿಗೆ ಏನಾಯಿತು ಅಂತ ಕೇಳಿದ್ದೇನೆ, ಆದರೆ ಯಾರು ಸತ್ತರು, ಯಾರು ಉಳಿದರು ಅಂತ ತಿಳಿಸುವ ಒಂದು ಪತ್ರವೂ ನನಗೆ ಬಂದಿಲ್ಲ ಅನ್ನುತ್ತಾನೆ. ನೀವು ಬದುಕಿದ್ದರೆ ಬನ್ನಿ, ನನ್ನಲ್ಲಿರುವುದು ನಮ್ಮೆಲ್ಲರಿಗೂ ಸಾಕು ಅನ್ನುತ್ತಾನೆ. ಹದಿನೇಳು ವರ್ಷ ಸಮುದ್ರದ ಎರಡೂ ದಡದ ದರ, ತೂಕ, ಗಾಳಿಯ ಲೆಕ್ಕ ಇಟ್ಟವನು, ತನ್ನವರು ಇದ್ದಾರೋ ಇಲ್ಲವೋ ಗೊತ್ತಿಲ್ಲದೆಯೇ ಅವರಿಗೆ ಪತ್ರ ಬರೆದ.

ಅಣ್ಣತಮ್ಮಂದಿರು ಬದುಕಿದ್ದರು. ಅವರು ಆಗ ಸಿಸಿಲಿ ಸೇರಿದ್ದರು. 1156ರಲ್ಲಿ ಬೆನ್ ಯಿಜುವಿನ ಮಗಳಿಗೂ ಅವನ ಸೋದರ ಯೂಸುಫನ ಮಗನಿಗೂ ಈಜಿಪ್ಟಿನಲ್ಲಿ ಮದುವೆಯಾಯಿತು. ಮದುವೆಗೆ ಕೊಟ್ಟ ಒಡವೆ ವಸ್ತುಗಳ ಪಟ್ಟಿ ಅದೇ ಹಳೆಯ ಕಾಗದದ ರಾಶಿಯಲ್ಲಿ ಸಿಕ್ಕಿದೆ.